ಹಿತ್ತಲಿಗೆ ಎಷ್ಟು ಕೋಳಿ ಹಿಡಿಸುತ್ತವೆ?

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯಲ್ಲಿ ಜವಾರಿ ಕೋಳಿ ಸಾಕುವ ಮನೆಯ ಹಿಂಡನ್ನು ಬಿಡಿಸಿ ನೋಡಿದರೆ ಸಾಮಾನ್ಯವಾಗಿ ಸಿಗುವುದು ಇಷ್ಟು: ತತ್ತಿ ಇಡುವ ಮೂರೋ ನಾಲ್ಕೋ ಹೇಂಟೆ, ಒಂದು ಹುಂಜ, ಇನ್ನೂ ಕೂಗು ಕಲಿಯುತ್ತಿರುವ ಒಂದೆರಡು ಎಳೆಯ ಗಂಡು, ಮೊದಲ ತತ್ತಿಗೆ ತಿಂಗಳೊಪ್ಪತ್ತು ಬಾಕಿಯಿರುವ ಒಂದೆರಡು ಹೆಣ್ಣು, ಮತ್ತೆ ತಾಯಿಯ ಹಿಂದೆ ಓಡುವ ಮರಿಗಳು. ಎಲ್ಲ ಸೇರಿ ಹತ್ತು, ಹೆಚ್ಚೆಂದರೆ ಇಪ್ಪತ್ತು. ದೇಶದ ಬಹುತೇಕ ಹಳ್ಳಿಗಳ ಚಿತ್ರವೂ ಇದೇ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಮನೆ ಕೋಳಿ ಸಾಕಣೆಯನ್ನು ವರ್ಗೀಕರಿಸುವಾಗ ಒಂದರಿಂದ ಐದು ದೊಡ್ಡ ಕೋಳಿಗಳ ಹಿಂಡಿಗೇ ಒಂದು ಪ್ರತ್ಯೇಕ ವರ್ಗ ಮಾಡಿದೆ. ಐದರಿಂದ ಐವತ್ತರವರೆಗಿನದು ಅದರ ಮೇಲಿನದು. ಅಂದರೆ ನಮ್ಮ ಹಿತ್ತಲುಗಳು ಜಗತ್ತಿನ ಲೆಕ್ಕದಲ್ಲಿ ಮೊದಲ ಮೆಟ್ಟಿಲಿನಲ್ಲಿವೆ. ಈ ಚಿಕ್ಕ ಸಂಖ್ಯೆಯನ್ನು ಬಡತನದ ಗುರುತೆಂದು ಓದುವುದು, ಸಂಖ್ಯೆ ಹೆಚ್ಚಿಸುವುದನ್ನೇ ಅಭಿವೃದ್ಧಿ ಎಂದುಕೊಳ್ಳುವುದು ವಾಡಿಕೆಯಾಗಿದೆ. ನಾನು ಹಾಗೆ ಓದುವುದಿಲ್ಲ. ಹಿಂಡು ಹತ್ತರ ಆಸುಪಾಸಿನಲ್ಲಿ ನಿಲ್ಲುವುದಕ್ಕೆ ಗಟ್ಟಿಯಾದ ಕಾರಣಗಳಿವೆ. ಆ ಕಾರಣಗಳನ್ನು ತಿಳಿದರೆ ಕೋಳಿಗಳ ಸಂಖ್ಯೆ ಹೆಚ್ಚಿಸದೆಯೇ ಮನೆಗೆ ಬರುವ ತತ್ತಿ ಮತ್ತು ದುಡ್ಡನ್ನು ಹೆಚ್ಚಿಸುವ ದಾರಿಯೂ ಕಾಣುತ್ತದೆ.

ಮೊದಲ ಕಾರಣ ಮೇವು. ಕೋಳಿ ಮನುಷ್ಯನ ಬಳಿ ಬಂದದ್ದೇ ಚೆಲ್ಲಿದ ಕಾಳಿನ ಬೆನ್ನು ಹತ್ತಿ ಎನ್ನುತ್ತಾರೆ ಪ್ರಾಕ್ತನ ತಜ್ಞರು. 2022ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದು ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ ಮನೆಕೋಳಿಯಾದದ್ದು ಸುಮಾರು 3,500 ವರ್ಷಗಳ ಹಿಂದೆ, ಮಳೆಯಾಶ್ರಿತ ಭತ್ತ ಮತ್ತು ಕಿರುಧಾನ್ಯದ ಬೇಸಾಯ ಶುರುವಾದಾಗ, ಹೊಲ ಮತ್ತು ಕಣಜಗಳ ಸುತ್ತ ಎಂದು ವಾದಿಸಿತು. ಆ ಸಂಬಂಧ ಇಂದಿಗೂ ಹಾಗೆಯೇ ಇದೆ. ಈ ನಾಲ್ಕು ತಾಲ್ಲೂಕುಗಳ ಎರೆಭೂಮಿಯಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್ ಮಳೆ. ಅದರಲ್ಲೂ ಹೆಚ್ಚಿನದು ಹಿಂಗಾರಿಗೆ ಮೊದಲು. ಹಿಂಗಾರು ಬಿಳಿಜೋಳ, ಕಡಲೆ, ತೊಗರಿ, ಸಜ್ಜೆ ಇಲ್ಲಿಯ ಹಳೆಯ ಬೆಳೆಗಳು. ಡೋಣಿ ಹೊಳೆಯ ಆಸುಪಾಸಿನ ಹೊಲ ಬೆಳೆದರೆ ಓಣಿಯೆಲ್ಲ ಜೋಳ ಎಂಬ ಮಾತು ಜಿಲ್ಲೆಯಲ್ಲಿದೆ. ಓಣಿಗೆ ಬಿದ್ದ ಜೋಳ ಯಾರ ಪಾಲು ಎಂದು ಕೇಳಿದರೆ ಕೋಳಿಯ ಪಾಲು ಎನ್ನಬೇಕು. ಸುಗ್ಗಿಯಲ್ಲಿ ಕಣದ ಅಂಚಿನ ಉದುರುಗಾಳು, ಮಳೆಗಾಲದಲ್ಲಿ ತಿಪ್ಪೆಯ ಹುಳ, ಗೆದ್ದಲು, ಎಳೆಹುಲ್ಲು, ವರ್ಷವಿಡೀ ಮುಸುರೆ, ನುಚ್ಚು, ರೊಟ್ಟಿಯ ಚೂರು. ಇಷ್ಟೇ ಹಿತ್ತಲ ಬಂಡವಾಳ. ಇದಕ್ಕೆ ಒಂದು ಮಿತಿ ಇದೆ, ಮತ್ತು ಆ ಮಿತಿ ತಿಂಗಳು ತಿಂಗಳಿಗೆ ಬದಲಾಗುತ್ತದೆ. ರಾಶಿಯ ಕಾಲದಲ್ಲಿ ಹದಿನೈದು ಕೋಳಿಯನ್ನು ಸುಖವಾಗಿ ಸಾಕಿದ ಅಂಗಳ, ನಲವತ್ತು ಡಿಗ್ರಿ ದಾಟುವ ಬೇಸಿಗೆಯಲ್ಲಿ ಎಂಟನ್ನು ಕಷ್ಟಪಟ್ಟು ಸಾಕುತ್ತದೆ. ಮನೆಯಾಕೆ ಏಪ್ರಿಲ್ ಹೊತ್ತಿಗೆ ಎಳೆಯ ಗಂಡುಗಳನ್ನು ಸಂತೆಗೆ ಕಳಿಸುವುದು ದುಡ್ಡಿನ ಅಡಚಣೆಯಿಂದಷ್ಟೇ ಅಲ್ಲ. ಹಿತ್ತಲು ಎಷ್ಟನ್ನು ಸಾಕೀತು ಎಂದು ಆಕೆಗೆ ಗೊತ್ತು.

ಈ ಮಿತಿಯನ್ನು ಲೆಕ್ಕಕ್ಕಿಳಿಸಿ ನೋಡಬಹುದು. ಗೂಡಿನಲ್ಲಿ ಸಾಕುವ ತತ್ತಿಕೋಳಿಗೆ ದಿನಕ್ಕೆ ಸುಮಾರು 110 ಗ್ರಾಂ ಆಹಾರ ಬೇಕು. ಜವಾರಿ ಕೋಳಿಯ ಮೈ ಚಿಕ್ಕದು, ಅದಕ್ಕೆ ಕಡಿಮೆ ಸಾಕು. ಆದರೂ ಹಿಂಡು ಬೆಳೆದು ನಲವತ್ತೈದು ದೊಡ್ಡ ಕೋಳಿಗಳಾದವು ಎಂದುಕೊಂಡು ತಲಾ ನೂರು ಗ್ರಾಂ ಹಿಡಿದರೆ ದಿನಕ್ಕೆ ನಾಲ್ಕೂವರೆ ಕಿಲೋ ಆಗುತ್ತದೆ. ಅದರಲ್ಲಿ ಅರ್ಧವನ್ನು ಹಿತ್ತಲೇ ಕೊಟ್ಟಿತು ಎನ್ನೋಣ. ಉಳಿದ ಎರಡೂಕಾಲು ಕಿಲೋ, ಐದು ಜನರ ಮನೆಯ ಒಂದು ದಿನದ ರೊಟ್ಟಿಯ ಜೋಳಕ್ಕೆ ಹೆಚ್ಚುಕಡಿಮೆ ಸಮ. ಬಡವರ ಮನೆಯಲ್ಲಿ ಕೋಳಿಗೆ ಅಷ್ಟು ಕಾಳು ಹಾಕುವುದು ಆಗದ ಮಾತು. ಹತ್ತು ಕೋಳಿಯ ಹಿಂಡಿನ ಗುಟ್ಟು ಇಲ್ಲಿದೆ: ಅದು ಮನುಷ್ಯರು ತಿನ್ನದ್ದನ್ನು ಮಾತ್ರ ತಿಂದು ಬದುಕುತ್ತದೆ. ಅದರಾಚೆಗಿನ ಪ್ರತಿ ಕೋಳಿಯೂ ಮನೆಯ ಕಾಳಿನ ಡಬ್ಬಿಗೆ ಕೈಹಾಕುತ್ತದೆ. ಭೀಮೆಯ ದಂಡೆಯ ಇಂಡಿ, ಸಿಂದಗಿಯಲ್ಲಿ ಕಬ್ಬು ಮತ್ತು ನಿಂಬೆ ಹಬ್ಬುತ್ತಿವೆ, ಆಲಮಟ್ಟಿಯ ನೀರು ತಲುಪಿದ ಕಡೆ ಬೆಳೆ ಬದಲಾಗಿದೆ, ಕಣದ ಕೆಲಸವನ್ನು ಯಂತ್ರ ಹೊಲದಲ್ಲೇ ಮುಗಿಸುತ್ತಿದೆ. ಕಬ್ಬಿನ ಹೊಲದಿಂದ ಓಣಿಗೆ ಕಾಳು ಉದುರುವುದಿಲ್ಲ. ನೀರಾವರಿ ಬಂದ ಊರಿನ ಹಿತ್ತಲು ಮೊದಲಿಗಿಂತ ಕಡಿಮೆ ಕೋಳಿಯನ್ನು ಸಾಕಬಲ್ಲದು ಎಂಬುದು ವಿಚಿತ್ರವಾಗಿ ಕೇಳಿಸಿದರೂ ಲೆಕ್ಕ ಹೋಗುವುದು ಆ ಕಡೆಗೇ.

ಇನ್ನು ಹಿಂಡಿನ ರಚನೆ. ಫಾರ್ಮಿನಲ್ಲಿ ಎಲ್ಲ ಕೋಳಿಗೂ ಒಂದೇ ವಯಸ್ಸು, ಒಂದೇ ಲಿಂಗ, ಒಂದೇ ಬಣ್ಣ. ಹಿತ್ತಲಲ್ಲಿ ಮೂರು ತಲೆಮಾರು ಒಟ್ಟಿಗೆ ಇರುತ್ತವೆ. ಹಿಂಡು ತನ್ನನ್ನು ತಾನೇ ಮತ್ತೆ ಹುಟ್ಟಿಸಿಕೊಳ್ಳುವ ಬಗೆ ಅದು. ಜವಾರಿ ಹೇಂಟೆ ಒಂದು ಸರದಿಗೆ ಹನ್ನೆರಡರಿಂದ ಹದಿನೈದು ತತ್ತಿ ಇಟ್ಟು ಕಾವಿಗೆ ಕೂರುತ್ತದೆ; ವರ್ಷಕ್ಕೆ ಮೂರು ನಾಲ್ಕು ಸರದಿ, ಒಟ್ಟು ಐವತ್ತು ಅರವತ್ತು ತತ್ತಿ. ಇಪ್ಪತ್ತೊಂದು ದಿನ ಕಾವು, ಆಮೇಲೆ ಎರಡು ಎರಡೂವರೆ ತಿಂಗಳು ಮರಿಗಳ ಪಾಲನೆ. ಆ ಅವಧಿಯಲ್ಲಿ ತತ್ತಿ ಇಲ್ಲ. ಆದ್ದರಿಂದ ನಾಲ್ಕು ಹೇಂಟೆ ಇರುವ ಮನೆಯಲ್ಲಿ ಸಾಮಾನ್ಯವಾಗಿ ಒಂದು ಕಾವಿನಲ್ಲಿ, ಒಂದು ಮರಿಗಳ ಜೊತೆ, ಉಳಿದೆರಡು ತತ್ತಿ ಇಡುತ್ತಾ ಇರುತ್ತವೆ. ಮೂರೋ ನಾಲ್ಕೋ ಹೇಂಟೆಯ ಈ ಸರದಿ ಮುರಿದರೆ ಒಂದು ತಿಂಗಳು ತತ್ತಿಯ ಸುರಿಮಳೆ, ಮುಂದಿನ ಮೂರು ತಿಂಗಳು ಬರ. ಹುಂಜದ ವಿಷಯದಲ್ಲೂ ಹೀಗೆಯೇ. ತಳಿ ಸಾಕಣೆಯ ಪುಸ್ತಕ ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು ಎನ್ನುತ್ತದೆ. ಹಳ್ಳಿಯ ಹಿಂಡಿನಲ್ಲಿ ಮೂರು ನಾಲ್ಕಕ್ಕೆ ಒಂದು ಇರುತ್ತದೆ. ಇದನ್ನು ಮೇವಿನ ಪೋಲು ಎನ್ನುವವರಿದ್ದಾರೆ. ಆದರೆ ಗಂಡು ಕೋಳಿಯೇ ಆ ಮನೆಯ ಕೈಗಡದ ದುಡ್ಡು. ಜಾತ್ರೆ, ದೇವರ ಹರಕೆ, ಉರುಸು, ಅಳಿಯ ಬಂದ ದಿನ, ಆಸ್ಪತ್ರೆಯ ಖರ್ಚು ಎಲ್ಲಕ್ಕೂ ಒದಗುವುದು ಹುಂಜ. ಬಣ್ಣದ ಹುಂಜಕ್ಕೆ ಹರಕೆಯ ಕಾಲದಲ್ಲಿ ಬೇರೆಯೇ ಬೆಲೆ. ಕಂದು, ಕಪ್ಪು, ಬೂದು ಮಿಶ್ರ ಗರಿಗಳು ಗಿಡುಗನ ಕಣ್ಣು ತಪ್ಪಿಸಲೂ ಬೇಕು. ಬಿಳಿ ಕೋಳಿ ಬಯಲಲ್ಲಿ ಬಹಳ ದಿನ ಬದುಕುವುದಿಲ್ಲ.

ಹಾಗಾದರೆ ಈ ಹಿಂಡಿನಲ್ಲಿ ಸೋರಿಕೆ ಎಲ್ಲಿ? ಮರಿಗಳಲ್ಲಿ. ನಾಲ್ಕು ಹೇಂಟೆ ವರ್ಷಕ್ಕೆ ತಲಾ ಎರಡು ಬಾರಿ ಮರಿ ಮಾಡಿದವು ಎಂದು ಒಂದು ಮಾದರಿ ಲೆಕ್ಕ ಹಾಕೋಣ. ಎಂಟು ಕಾವು, ಪ್ರತಿ ಕಾವಿಗೆ ಹನ್ನೆರಡು ತತ್ತಿ, ಒಂಬತ್ತು ಮರಿ. ಒಟ್ಟು 72 ಮರಿ. ಲಸಿಕೆ, ರಾತ್ರಿಯ ಗೂಡು ಇಲ್ಲದ ಕಡೆ ಇವುಗಳಲ್ಲಿ ಅರ್ಧ, ಎಷ್ಟೋ ಕಡೆ ಅರ್ಧಕ್ಕೂ ಹೆಚ್ಚು, ಎರಡು ತಿಂಗಳು ದಾಟುವುದಿಲ್ಲ. ಹದ್ದು, ಗಿಡುಗ, ಮುಂಗುಸಿ, ಬೆಕ್ಕು, ನಾಯಿ, ಚಳಿ, ಹಸಿವು, ರೋಗ. ಉಳಿದ 36ರಲ್ಲಿ ಎರಡು ಹೆಣ್ಣನ್ನು ಮುದಿ ಹೇಂಟೆಯ ಜಾಗಕ್ಕೆ ಇಟ್ಟುಕೊಂಡರೆ 34 ಮಾರಲು, ಉಣ್ಣಲು ಸಿಗುತ್ತವೆ. ಸಾವನ್ನು ಅರ್ಧದಿಂದ ಕಾಲುಭಾಗಕ್ಕೆ ಇಳಿಸಿದರೆ 54 ಮರಿ ಬದುಕುತ್ತವೆ, ಕೈಗೆ 52 ಬರುತ್ತವೆ. ಒಂದು ಹೇಂಟೆಯನ್ನೂ ಹೆಚ್ಚಿಸದೆ ಆದಾಯ ಒಂದೂವರೆ ಪಟ್ಟು. ಅಷ್ಟು ಕೋಳಿಗೆ ಮೇವಿಲ್ಲ ಎನ್ನುವ ಮನೆ ಇನ್ನೊಂದು ದಾರಿ ಹಿಡಿಯಬಹುದು: ಮೊದಲಿನಷ್ಟೇ 36 ಬೇಕೆಂದರೆ ಎಂಟು ಕಾವಿನ ಬದಲು ಐದಾರು ಕಾವು ಸಾಕು. ಉಳಿದ ಎರಡು ಮೂರು ಕಾವಿನ ತತ್ತಿ ಮಕ್ಕಳ ತಟ್ಟೆಗೆ ಹೋಗುತ್ತವೆ, ಮರಿಗಳ ಹಿಂದೆ ಅಲೆಯದ ಹೇಂಟೆ ಬೇಗ ಮತ್ತೆ ತತ್ತಿಗೆ ಬರುತ್ತದೆ. ಹಿಂಡು ದೊಡ್ಡದಾಗಬೇಕಿಲ್ಲ, ಹಿಂಡಿನ ಸಾವು ಚಿಕ್ಕದಾಗಬೇಕು ಎಂದು ನಾನು ಒತ್ತಿ ಹೇಳುವುದು ಈ ಲೆಕ್ಕದ ಬಲದಿಂದ.

ಸಾವಿನ ದೊಡ್ಡ ಪಾಲು ಕೊಕ್ಕರೆ ರೋಗದ್ದು. ಪುಸ್ತಕಗಳು ಇದನ್ನು ರಾಣಿಖೇತ್ ಎನ್ನುತ್ತವೆ. ಈಗಿನ ಉತ್ತರಾಖಂಡದ ರಾಣಿಖೇತ್‌ನಲ್ಲಿ 1920ರ ದಶಕದಲ್ಲಿ ಗುರುತಿಸಿದ್ದರಿಂದ ಬಂದ ಹೆಸರು. ಹಸಿರು ಭೇದಿ, ಏದುಸಿರು, ತಿರುಚಿದ ಕುತ್ತಿಗೆ. ಓಣಿಗೆ ಬಂದರೆ ನಾಲ್ಕೈದು ದಿನದಲ್ಲಿ ಓಣಿಯೇ ಖಾಲಿ. ರೋಗ ಬಂದ ಸುದ್ದಿ ಕೇಳಿದ ಕೂಡಲೇ ಉಳಿದ ಕೋಳಿಗಳನ್ನು ಸಂತೆಗೆ ಒಯ್ಯುತ್ತಾರೆ, ಹಾಗಾಗಿ ಮುಂದಿನ ಊರಿಗೂ ಅದು ತಲುಪುತ್ತದೆ. ಇದಕ್ಕೆ ಲಸಿಕೆ ದಶಕಗಳಿಂದ ಇದೆ: ಮೊದಲ ವಾರದಲ್ಲಿ ಕಣ್ಣು ಅಥವಾ ಮೂಗಿಗೆ ಒಂದು ಹನಿ, ಎಂಟನೆಯ ವಾರದ ಹೊತ್ತಿಗೆ ಒಂದು ಚುಚ್ಚುಮದ್ದು. ತೊಡಕು ಇರುವುದು ಹಿಂಡಿನ ಗಾತ್ರದಲ್ಲೇ. ಲಸಿಕೆಯ ಸೀಸೆಗಳು ನೂರು, ಇನ್ನೂರು, ಅದಕ್ಕಿಂತ ಹೆಚ್ಚು ಕೋಳಿಗಳ ಲೆಕ್ಕದಲ್ಲಿ ಬರುತ್ತವೆ. ತಣ್ಣಗೆ ಇಡಬೇಕು, ಕಲಸಿದ ಮೇಲೆ ಒಂದೆರಡು ತಾಸಿನಲ್ಲಿ ಮುಗಿಸಬೇಕು. ಸಾವಿರ ಕೋಳಿಯ ಫಾರ್ಮಿಗೆ ಇದು ಸುಲಭ. ಹತ್ತು ಕೋಳಿಯ ಮನೆಗೆ ಅಸಾಧ್ಯ. ಬೆಳಕು ಹರಿದ ಮೇಲೆ ಜವಾರಿ ಕೋಳಿ ಕೈಗೆ ಸಿಗುವುದೂ ಇಲ್ಲ. ಹಾಗಾಗಿ ಹತ್ತಿಪ್ಪತ್ತು ಮನೆಗಳು ಒಂದೇ ನಸುಕಿನಲ್ಲಿ ಕೋಳಿಯನ್ನು ಗೂಡಿನಿಂದ ಬಿಡುವ ಮುಂಚೆ ಒಂದು ಸೀಸೆಯನ್ನು ಹಂಚಿಕೊಳ್ಳಬೇಕು. ಹೆಂಗಸರ ಸ್ವಸಹಾಯದ ಸಂಜೀವಿನಿ ಸಂಘಗಳಲ್ಲಿ ಜಾನುವಾರು ಆರೈಕೆಯ ತರಬೇತಿ ಪಡೆದ ಪಶುಸಖಿಯರು ಇದಕ್ಕೆ ತಕ್ಕವರು. ಓಣಿಯ ಹೆಂಗಸೇ ಓಣಿಯ ಕೋಳಿಗೆ ಹನಿ ಹಾಕಿದರೆ ಪಶುವೈದ್ಯರು ಹಳ್ಳಿಹಳ್ಳಿ ಸುತ್ತಬೇಕಿಲ್ಲ. ಬಿಸಿ ತಾಳುವ ಐ-2 ಎಂಬ ಲಸಿಕೆಯನ್ನು ಆಸ್ಟ್ರೇಲಿಯಾದ ವಿಜ್ಞಾನಿಗಳು ಇಂಥ ಹಳ್ಳಿಯ ಹಿಂಡುಗಳಿಗೆಂದೇ ರೂಪಿಸಿದರು. ಮೊಜಾಂಬಿಕ್, ತಾಂಜಾನಿಯಾದ ಹಳ್ಳಿಗಳಲ್ಲಿ ಅದು ಇಂಥ ಊರಿನವರ ಕೈಯಲ್ಲೇ ಬಳಕೆಗೆ ಬಂದಿದೆ.

ಇಲ್ಲಿ ಒಂದು ಬಲವಾದ ಆಕ್ಷೇಪ ಬರುತ್ತದೆ. ಐವತ್ತು ತತ್ತಿಯ ಜವಾರಿ ಕೋಳಿಗೆ ಏಕೆ ಜೋತುಬೀಳಬೇಕು? ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯ 1980ರ ದಶಕದ ಕೊನೆಯಲ್ಲಿ ಕೊಟ್ಟ ಗಿರಿರಾಜ ಇದೆ, ನಂತರದ ಸ್ವರ್ಣಧಾರಾ ಇದೆ, ಹೈದರಾಬಾದಿನ ವನರಾಜ, ಗ್ರಾಮಪ್ರಿಯ ಇವೆ. ಎರಡು ಮೂರು ಪಟ್ಟು ತತ್ತಿ, ಬೇಗ ತುಂಬುವ ಮೈ, ಹಿತ್ತಲಿಗೆ ಹೊಂದುವ ಬಣ್ಣದ ಗರಿ. ಈ ಸಾಧನೆ ದೊಡ್ಡದು. ಗಿರಿರಾಜ ಕರ್ನಾಟಕ ಹೆಮ್ಮೆಪಡಬೇಕಾದ ಕೋಳಿ. ಆದರೆ ಇವು ಕಾವಿಗೆ ಕೂರುವುದಿಲ್ಲ. ತತ್ತಿ ಹೆಚ್ಚಿರುವುದರ ಒಂದು ಕಾರಣವೂ ಅದೇ. ಹಿಂಡು ತಾನಾಗಿ ಮುಂದುವರಿಯುವುದಿಲ್ಲ, ಪ್ರತಿ ವರ್ಷ ಮರಿ ಕೊಳ್ಳಬೇಕು, ಮೇಲೆ ಹೆಚ್ಚು ಕಾಳು ಹಾಕಬೇಕು. ಹಾಕದಿದ್ದರೆ ಪುಸ್ತಕದ ತತ್ತಿ ಬರುವುದಿಲ್ಲ. ನನಗೆ ಸರಿ ಕಾಣುವುದು ಎರಡನ್ನೂ ಕೂಡಿಸುವ ದಾರಿ: ಕಾವಿನ ಜವಾರಿ ಹೇಂಟೆಯ ಕೆಳಗೆ ಎಂಟು ಹತ್ತು ಗಿರಿರಾಜ ತತ್ತಿ ಇಡುವುದು. ಮರಿಗಳನ್ನು ಹದ್ದಿನಿಂದ ಕಾಯಲು, ಕೆದರಿ ತಿನ್ನುವುದನ್ನು ಕಲಿಸಲು ಜವಾರಿ ತಾಯಿಗಿಂತ ಒಳ್ಳೆಯ ಯಂತ್ರ ಇನ್ನೂ ಬಂದಿಲ್ಲ. ಜವಾರಿ ಹೇಂಟೆಯನ್ನು ಕಳೆದುಕೊಂಡ ಊರಿಗೆ ಆ ದಾರಿಯೂ ಮುಚ್ಚುತ್ತದೆ.

ಸರ್ಕಾರಿ ಯೋಜನೆಗಳ ಅಂಕಿಗಳನ್ನು ಈ ಬೆಳಕಿನಲ್ಲಿ ನೋಡಬೇಕು. ರಾಷ್ಟ್ರೀಯ ಜಾನುವಾರು ಮಿಷನ್ ತನ್ನ ಮೊದಲ ರೂಪದಲ್ಲಿ ಬಡತನ ರೇಖೆಯ ಕೆಳಗಿನ ಮನೆಗೆ ನಾಲ್ಕು ವಾರದ 45 ಮರಿಗಳನ್ನು ಕಂತಿನಲ್ಲಿ ಕೊಡುವ ಕ್ರಮ ಇಟ್ಟುಕೊಂಡಿತ್ತು. ನಾಲ್ಕು ವಾರ ದಾಟಿಸಿ ಕೊಡುವುದು ಒಳ್ಳೆಯ ಯೋಚನೆ, ಕಂತು ಮಾಡಿದ್ದೂ ಒಳ್ಳೆಯದೇ. ಆದರೂ ಒಂದೇ ವಯಸ್ಸಿನ ಇಪ್ಪತ್ತು ಬಾಯಿಗಳು ಒಮ್ಮೆಗೇ ಬಂದಾಗ ಹಿತ್ತಲು ಸೋಲುತ್ತದೆ. 2021ರಲ್ಲಿ ತಿದ್ದಿದ ಮಿಷನ್ ಉದ್ಯಮಿಗಳ ಕಡೆ ತಿರುಗಿತು: ಕನಿಷ್ಠ ಸಾವಿರ ತಾಯಿಕೋಳಿ, ವಾರಕ್ಕೆ ಮೂರು ಸಾವಿರ ತತ್ತಿ ಮರಿ ಮಾಡುವ ಸ್ಥಾವರ, ಎರಡು ಸಾವಿರ ಮರಿಗಳ ಪಾಲನಾ ಘಟಕ, ಬಂಡವಾಳದ ಅರ್ಧ, 25 ಲಕ್ಷದವರೆಗೆ ಸಹಾಯಧನ. ಇಂಥ ಘಟಕ ಇಂಡಿಯಲ್ಲೋ ಮುದ್ದೇಬಿಹಾಳದಲ್ಲೋ ಇದ್ದರೆ ಕಾವಿಗಿಡಲು ತತ್ತಿ, ಸಾಕಲು ಮರಿ ಹತ್ತಿರದಲ್ಲಿ ಸಿಕ್ಕೀತು. ಆದರೆ ಅದರ ಲಾಭ ನಾಲ್ಕು ಹೇಂಟೆಯ ಮನೆ ಮುಟ್ಟಬೇಕಾದರೆ ಮರಿಗಳನ್ನು ಐದಾರರ ಲೆಕ್ಕದಲ್ಲಿ, ಲಸಿಕೆ ಹಾಕಿ ಮಾರಬೇಕು.

ಚಿಕ್ಕ ಹಿಂಡು ನಾಡಿನ ಹಸಿವಿಗೆ ಏನು ಮಾಡೀತು ಎಂದೂ ಕೇಳಬಹುದು. 2019ರ ಇಪ್ಪತ್ತನೆಯ ಜಾನುವಾರು ಗಣತಿಯ ಪ್ರಕಾರ ದೇಶದ 85.18 ಕೋಟಿ ಕೋಳಿಸಂಪತ್ತಿನಲ್ಲಿ 31.7 ಕೋಟಿ ಹಿತ್ತಲಿನವು. ಹಿಂದಿನ ಗಣತಿಗಿಂತ ಸುಮಾರು ಶೇ. 46ರಷ್ಟು ಹೆಚ್ಚು. ತಲೆಯ ಲೆಕ್ಕದಲ್ಲಿ ಶೇ. 37. ತತ್ತಿಯ ಲೆಕ್ಕದಲ್ಲಿ ಮಾತ್ರ 2022-23ರಲ್ಲಿ ಹಿತ್ತಲಿನ ಪಾಲು ಶೇ. 15ರ ಆಸುಪಾಸು. ಇದನ್ನು ತೋರಿಸಿ ಹಿತ್ತಲು ಅಸಮರ್ಥ ಎನ್ನುವುದು ಸುಲಭ, ಆದರೆ ಹಿತ್ತಲಿನ ತಲೆಗಳಲ್ಲಿ ಮರಿಗಳೂ ಹುಂಜಗಳೂ ಸೇರಿವೆ. ಅದಕ್ಕಿಂತ ಮುಖ್ಯವಾದುದು ತತ್ತಿ ಎಲ್ಲಿ ಸಿಗುತ್ತದೆ ಎಂಬುದು. ಮಕ್ಕಳಲ್ಲಿ ಅಪೌಷ್ಟಿಕತೆ ಹೆಚ್ಚಿದೆ ಎಂದೇ 2021ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಜೊತೆಗೆ ವಿಜಯಪುರದ ಶಾಲೆಗಳಲ್ಲೂ ಬಿಸಿಯೂಟಕ್ಕೆ ತತ್ತಿ ಕೊಡಲು ಶುರುಮಾಡಿತು. ಕೆಲವು ಮಠಾಧೀಶರು ವಿರೋಧಿಸಿದರು; ತತ್ತಿ ಬೇಡವೆಂದ ಮಕ್ಕಳಿಗೆ ಬಾಳೆಹಣ್ಣು ಬಂತು. ಆ ತತ್ತಿ ಗೂಡುಕೋಳಿಯದು, ಅದು ಬೇಕೇ ಬೇಕು. ಆದರೆ ಶಾಲೆ ಮುಚ್ಚಿದ ತಿಂಗಳಲ್ಲಿ, ಶಾಲೆಗೆ ಹೋಗದ ಎರಡು ವರ್ಷದ ಕೂಸಿಗೆ ತತ್ತಿ ಕೊಡುವುದು ಹಿತ್ತಲೇ. ರಾಷ್ಟ್ರೀಯ ಪೋಷಣ ಸಂಸ್ಥೆ ವರ್ಷಕ್ಕೆ ಒಬ್ಬರಿಗೆ 180 ತತ್ತಿ ಬೇಕೆನ್ನುತ್ತದೆ. ನಾಲ್ಕು ಹೇಂಟೆಯ ಮನೆ ಕಾವಿಗೆ ಬಿಟ್ಟು ಉಳಿಸುವ ನೂರಷ್ಟು ತತ್ತಿ ಇಡೀ ಮನೆಗೆ ಸಾಲದು, ಒಂದು ಕೂಸಿಗೆ ಅರ್ಧಕ್ಕಿಂತ ಹೆಚ್ಚು ಸಾಗುತ್ತದೆ. ಮಾರದೆ ಕೂಸಿಗೇ ಕೊಡುತ್ತಾರೆಯೇ ಎಂಬ ಪ್ರಶ್ನೆ ನ್ಯಾಯವಾದದ್ದು. ಮಾರಲು ಹುಂಜ ಸಾಕಷ್ಟು ಬದುಕಿದ ಮನೆಯಲ್ಲಿ ತತ್ತಿಯನ್ನು ಮಾರುವ ಒತ್ತಡ ಕಡಿಮೆ. ಮತ್ತೆ ಮಾತು ಮರಿಗಳ ಉಳಿವಿಗೇ ಬರುತ್ತದೆ.

ಹಿಂಡಿನ ಗಾತ್ರ ಯಾರ ಮನೆ ಎಂಬುದರ ಮೇಲೂ ನಿಂತಿದೆ. ಬಸವಣ್ಣನ ಹುಟ್ಟೂರಿನ ಸುತ್ತಲ ಈ ನೆಲದಲ್ಲಿ ಕೋಳಿ ಸಾಕದ, ತತ್ತಿ ಮುಟ್ಟದ ಮನೆಗಳು ಬಹಳ. ಹಾಗಾಗಿ ಕೋಳಿಗಳು ಊರಿಡೀ ಸಮನಾಗಿ ಹರಡಿಲ್ಲ. ದಲಿತರ, ಮುಸ್ಲಿಮರ, ಕುರುಬ, ತಳವಾರ ಮನೆಗಳ ಓಣಿಗಳಲ್ಲಿ, ಲಂಬಾಣಿ ತಾಂಡಾಗಳಲ್ಲಿ ಒತ್ತಾಗಿವೆ. ಊರಿನ ಸರಾಸರಿ ಹಿಡಿದು ಯೋಜನೆ ಮಾಡಿದರೆ ಈ ಓಣಿಗಳಿಗೆ ಅನ್ಯಾಯವಾಗುತ್ತದೆ, ಏಕೆಂದರೆ ಇವುಗಳ ಅಂಗಳ ಊರಿನಲ್ಲೇ ಚಿಕ್ಕದು, ಹೊಲ ಕಡಿಮೆ ಅಥವಾ ಇಲ್ಲ. ಇಲ್ಲಿಂದಲೇ ಗೋವಾ, ಮಹಾರಾಷ್ಟ್ರಕ್ಕೆ ಗುಳೆ ಹೋಗುವವರೂ ಹೆಚ್ಚು. ಗುಳೆ ಹೊರಟ ಮನೆ ಎತ್ತನ್ನು ಒಯ್ಯಲಾರದು, ಆಡನ್ನು ಬಿಡಲಾರದು. ಕೋಳಿಯನ್ನಾದರೆ ಒಂದು ಸಂತೆಯಲ್ಲಿ ಮಾರಿ, ಒಂದೆರಡು ಒಳ್ಳೆಯ ಹೇಂಟೆಯನ್ನು ನೆರೆಯವಳಿಗೋ ಮುದುಕಿಗೋ ಪಾಲಿಗೆ ಬಿಟ್ಟು ಹೋಗಬಹುದು. ಮರಿಗಳಲ್ಲಿ ಅರ್ಧ ಸಾಕಿದವಳಿಗೆ, ಅರ್ಧ ಒಡತಿಗೆ. ಮರಳಿ ಬಂದಾಗ ಎರಡು ಹೇಂಟೆಯಿಂದ ಹಿಂಡು ಆರು ತಿಂಗಳಲ್ಲಿ ಮತ್ತೆ ಹತ್ತಾಗುತ್ತದೆ. ಕರಗಿಸಲು, ಕಟ್ಟಲು ಇಷ್ಟು ಸಲೀಸಾದ ಆಸ್ತಿ ಆ ಹೆಂಗಸಿನ ಕೈಯಲ್ಲಿ ಬೇರೆ ಇಲ್ಲ. ಐವತ್ತು ಕೋಳಿ, ಶೆಡ್ಡು, ಸಾಲ ಎಂದರೆ ಈ ಸಲೀಸು ಹೋಗುತ್ತದೆ. ಎಷ್ಟೋ ಮನೆಗಳಲ್ಲಿ ಹಣದ ಜೊತೆ ಯಜಮಾನಿಕೆಯೂ ಗಂಡಸಿನ ಕೈಗೆ ಹೋಗುತ್ತದೆ. ಶೆಡ್ಡು ಕಟ್ಟಿ ಗೆಲ್ಲುವ ಮನೆಗಳು ಇವೆ, ಅವರಿಗೆ ನೆರವು ಸಿಗಲಿ. ಆದರೆ ಅದು ಬೇರೆಯೇ ಕಸುಬು.

ಹಕ್ಕಿಜ್ವರದ ಭಯವನ್ನು ಮುಂದಿಟ್ಟು ಬಿಟ್ಟುಸಾಕುವ ಪದ್ಧತಿಯನ್ನೇ ನಿಲ್ಲಿಸಬೇಕು ಎನ್ನುವವರೂ ಇದ್ದಾರೆ. ಬಯಲಕೋಳಿ ಕಾಡುಹಕ್ಕಿಯ ಸಂಪರ್ಕಕ್ಕೆ ಬರುತ್ತದೆ ಎಂಬುದು ನಿಜ. ಆಲಮಟ್ಟಿಯ ಹಿನ್ನೀರಿಗೆ ವಲಸೆ ಹಕ್ಕಿಗಳು ಬರುತ್ತವೆ ಎಂಬುದೂ ನಿಜ. ಆದರೆ 2006ರಲ್ಲಿ ದೇಶದ ಮೊದಲ ಹಕ್ಕಿಜ್ವರ ಕಾಣಿಸಿಕೊಂಡದ್ದು ಮಹಾರಾಷ್ಟ್ರದ ನವಾಪುರದ ದೊಡ್ಡ ಫಾರ್ಮುಗಳಲ್ಲಿ. ಅಪಾಯ ಎರಡೂ ಕಡೆ ಇದೆ. ಸತ್ತ ಕೋಳಿಯನ್ನು ಸಂತೆಗೆ ಒಯ್ಯದಿರುವುದು, ಹೂಳುವುದು, ಪಶು ಆಸ್ಪತ್ರೆಗೆ ತಿಳಿಸುವುದು ಇವು ಓಣಿಯಲ್ಲಿ ರೂಢಿಯಾಗಬೇಕು. ಸತ್ತ ಸುದ್ದಿ ತಿಳಿಸಿದವರ ಉಳಿದ ಕೋಳಿಗಳನ್ನು ರೋಗ ತಡೆಯಲೆಂದು ಕೊಂದಾಗ ಪರಿಹಾರ ಬೇಗ ಸಿಗುವಂತಿದ್ದರೆ ಮಾತ್ರ ಜನ ತಿಳಿಸುತ್ತಾರೆ.

2024ರ ಅಕ್ಟೋಬರಿನಲ್ಲಿ ಇಪ್ಪತ್ತೊಂದನೆಯ ಜಾನುವಾರು ಗಣತಿ ಶುರುವಾಯಿತು. ತಲೆಗಳನ್ನು ಅದು ಎಣಿಸುತ್ತದೆ. ನಾಲ್ಕು ತಾಲ್ಲೂಕುಗಳ ಪಶುಪಾಲನಾ ಇಲಾಖೆ, ಇಂಡಿ ಮತ್ತು ವಿಜಯಪುರದ ಕೃಷಿ ವಿಜ್ಞಾನ ಕೇಂದ್ರಗಳು ಅದರ ಜೊತೆಗೆ ಇನ್ನೊಂದು ಚಿಕ್ಕ ಲೆಕ್ಕ ಇಡಬಹುದು: ಆಯ್ದ ಕೆಲವು ಓಣಿಗಳಲ್ಲಿ ಎಷ್ಟು ತತ್ತಿ ಕಾವಿಗೆ ಹೋದವು, ಎಷ್ಟು ಮರಿಯಾದವು, ಎರಡು ತಿಂಗಳಿಗೆ ಎಷ್ಟು ಉಳಿದವು, ಸತ್ತವು ಯಾವುದರಿಂದ. ಅದು ತಿಳಿದರೆ ಯಾವ ಓಣಿಗೆ ಲಸಿಕೆ ಮೊದಲು, ಯಾವುದಕ್ಕೆ ಮರಿಗಳ ಬುಟ್ಟಿ, ರಾತ್ರಿಗೂಡು ಮೊದಲು ಎಂದು ನಿರ್ಧರಿಸಬಹುದು. ಲಸಿಕೆಯ ಹೊತ್ತನ್ನು ಇಲ್ಲಿಯ ಕ್ಯಾಲೆಂಡರಿಗೆ ಹೊಂದಿಸಬೇಕು: ಚಳಿಗಾಲದ ಕಾವಿನ ಮರಿಗಳಿಗೆ ಸಂಕ್ರಾಂತಿಯ ಸುತ್ತ ಕಣ್ಣಹನಿ, ಬಿಸಿಲು ಏರಿ ಜಾತ್ರೆಗಳ ಸಾಲು ಶುರುವಾಗುವ ಮುಂಚೆ ಚುಚ್ಚುಮದ್ದು, ಗುಳೆ ಹೋದವರು ಮುಂಗಾರಿಗೆ ಮರಳಿದ ಮೇಲೆ ಪಾಲಿಗೆ ಬಿಟ್ಟ ಹೇಂಟೆಗಳ ಮರಿಗಳಿಗೆ ಇನ್ನೊಂದು ಸುತ್ತು.